ಸೆಕೆಗಾಲದ ನೆರೆಹೊರೆ

ಘಟ್ಟದ ಮೇಲಿನವರು ಬೇಸಗೆಯ ಮಾತು ಬಂದಾಗ ಬಿಸಿಲು ಎನ್ನುತ್ತಾರೆ. ಕರಾವಳಿಯ ನಾವು ಸೆಕೆ ಎನ್ನುತ್ತೇವೆ. ಎರಡೂ ಒಂದೇ ಎಂದು ಭಾವಿಸುವವರು ಏಪ್ರಿಲ್ ತಿಂಗಳ ಕೊನೆಯಲ್ಲಿ ಬಂಟ್ವಾಳದ ಪೇಟೆಗೆ ಬಂದು ಒಂದು ಮಧ್ಯಾಹ್ನವನ್ನು ಕಳೆಯಬೇಕು. ಕಲಬುರಗಿ, ರಾಯಚೂರಿನವರ ಶತ್ರು ಆಕಾಶದಲ್ಲಿರುತ್ತಾನೆ. ಒಂದು ಬೇವಿನ ಮರ, ತಲೆಗೊಂದು ರುಮಾಲು, ದಪ್ಪ ಗೋಡೆಯ ಮನೆ ದೊರೆತರೆ ಅವನ ಕಣ್ಣನ್ನು ಅಷ್ಟಿಷ್ಟು ತಪ್ಪಿಸಬಹುದು. ಸೆಕೆ ಹಾಗಲ್ಲ. ಅದು ನೆರಳಿನೊಳಕ್ಕೂ ಹಿಂಬಾಲಿಸಿ ಬರುತ್ತದೆ. ಚಾವಡಿಯಲ್ಲಿ ಮಣೆ ಹಾಕಿ ಕುಳಿತವನ ಬೆನ್ನಿನ ಮೇಲೂ ಹರಿಯುತ್ತದೆ. ಇರುಳು ದೀಪ ಆರಿಸಿದ ಮೇಲೂ ಎದ್ದು ಹೋಗುವುದಿಲ್ಲ. ತುಳುವಿನಲ್ಲಿ ಬಿಸಿಲಿಗೆ ‘ದೊಂಬು’ ಎಂಬ ಬೇರೆ ಶಬ್ದವೇ ಇದೆ. ದೊಂಬಿಗೆ ಅಡಕೆಯ ಹಾಳೆಯ ಮುಟ್ಟಾಳೆ ಸಾಕು. ಸೆಕೆಗೆ ಯಾವ ಟೊಪ್ಪಿಯೂ ಇಲ್ಲ. ಸೆಕೆಯನ್ನು ಒಬ್ಬನೇ ಎದುರಿಸುವುದು ಕಷ್ಟವೆಂಬುದನ್ನು ನಮ್ಮ ಸೀಮೆಯ ಹಿಂದಿನವರು ಕಂಡುಕೊಂಡಿದ್ದರು. ಅವರು ಅದನ್ನು ಹೇಗೆ ಹಂಚಿಕೊಂಡರು, ಯಾರನ್ನು ಆ ಹಂಚಿಕೆಯಿಂದ ಹೊರಗಿಟ್ಟರು, ಈಗ ನಾವು ಏನು ಮಾಡಿಕೊಂಡಿದ್ದೇವೆ ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನನ್ನ ಉದ್ದೇಶ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರೂ ಕಡಲ ಜಿಲ್ಲೆಯ ಊರುಗಳೇ; ಆದರೆ ಮೂರಕ್ಕೂ ಕಡಲು ಕಾಣದು. ಬಂಟ್ವಾಳ ನೇತ್ರಾವತಿಯ ದಂಡೆಯಲ್ಲಿ ಮಂಗಳೂರಿನಿಂದ ಒಳಕ್ಕೆ ಸರಿದಿದೆ. ಮೂಡುಬಿದಿರೆ ಗುಡ್ಡ ಬಯಲುಗಳ ನಡುವೆ ಕುಳಿತಿದೆ. ಬೆಳ್ತಂಗಡಿಯಂತೂ ಕುದುರೆಮುಖದ ಸಾಲಿನ ಪಾದದಲ್ಲಿದೆ. ಕಡಲಿನವರಿಗೆ ಹೊತ್ತೇರುತ್ತಲೇ ಪಡುಗಾಳಿ ಬಂದು ಮುಖ ಒರೆಸುತ್ತದೆ. ನಮಗೆ ಅದು ತಡವಾಗಿ, ದಾರಿಯಲ್ಲಿ ದಣಿದು ಬರುತ್ತದೆ. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಕೆಲವು ದಿನ ಮೂಡಣ ಗಾಳಿ ಬಲವಾಗಿ ಬೀಸಿ ಆ ಪಡುಗಾಳಿಯನ್ನು ಕಡಲಿನ ಬಾಗಿಲಲ್ಲೇ ತಡೆದು ನಿಲ್ಲಿಸುವುದುಂಟು. ಘಟ್ಟದಿಂದ ಕೆಳಕ್ಕಿಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆಂಬುದು ಭೌತಶಾಸ್ತ್ರದ ನಿಯಮ. ಹೀಗಾಗಿ ನಮ್ಮಲ್ಲಿ ಬೇಸಗೆ ಎರಡು: ಮಾಘ ಫಾಲ್ಗುಣಗಳ ಒಣ ಬೇಸಗೆ ಒಂದು, ಚೈತ್ರ ವೈಶಾಖಗಳ ಒದ್ದೆ ಬೇಸಗೆ ಇನ್ನೊಂದು. ೨೦೨೩ರ ಮಾರ್ಚ್‌ನಲ್ಲಿಯೂ ೨೦೨೫ರ ಫೆಬ್ರವರಿಯ ಕೊನೆಯಲ್ಲಿಯೂ ಭಾರತ ಹವಾಮಾನ ಇಲಾಖೆ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿತು. ಶಿವರಾತ್ರಿಯ ಆಸುಪಾಸಿನಲ್ಲಿಯೇ ಇದೇನು ಎಂದು ಬೆರಗಾದವರು ಬಹಳ ಮಂದಿ. ಬಯಲುಸೀಮೆಯಲ್ಲಿ ಉಷ್ಣತೆ ೪೦ ಡಿಗ್ರಿ ಮುಟ್ಟದೆ ಬಿಸಿಗಾಳಿ ಎನ್ನುವುದಿಲ್ಲ; ಕರಾವಳಿಗೆ ೩೭ ಡಿಗ್ರಿಯೇ ಗಡಿ, ಜೊತೆಗೆ ಆ ದಿನಗಳ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಏರಿರಬೇಕು. ಈ ರಿಯಾಯಿತಿ ಏಕೆಂಬುದು ನಮ್ಮ ಹೆಂಗಸರಿಗೆ ಇಲಾಖೆಗಿಂತ ಮೊದಲೇ ಗೊತ್ತು. ಒಗೆದ ಬಟ್ಟೆ ಒಣಗದ ದಿನ ಮೈಯೂ ತಣಿಯುವುದಿಲ್ಲ. ಬೆವರು ಆರಿದರೆ ತಾನೆ ತಂಪು? ಗಾಳಿಯೇ ನೀರು ಕುಡಿದು ತುಂಬಿರುವಾಗ ಬೆವರು ಆರದೆ ಸುಮ್ಮನೆ ಇಳಿಯುತ್ತದೆ. ಮೈಯ ಕಾವು ಒಳಗೇ ಉಳಿಯುತ್ತದೆ.

೧೮೭೪ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಗಾಳಿಯನ್ನು ಕುರಿತು ‘ತೆಂಕಣ ಗಾಳಿಯಾಟ’ವೆಂಬ ಕವನ ಬರೆದರೆಂಬುದನ್ನು ಶಾಲೆಯಲ್ಲಿ ಓದಿದವರೆಲ್ಲ ಬಲ್ಲರು. ಮರದ ಎಲೆ ಮಿಸುಕದ ಮಧ್ಯಾಹ್ನಗಳನ್ನು ಕಂಡ ಊರಿನ ಮಗನಿಗಲ್ಲದೆ ಗಾಳಿಯ ಬೆಲೆ ಇನ್ನಾರಿಗೆ ತಿಳಿಯಬೇಕು ಎಂದು ನನಗೆ ಆಗಾಗ ಅನ್ನಿಸುತ್ತದೆ. ಇದು ವಿಮರ್ಶೆಯಲ್ಲ, ಊರಿನ ಅಭಿಮಾನ ಮಾತ್ರ.

೧೮೦೧ರ ಆರಂಭದಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟಿಷ್ ವೈದ್ಯ ಕಂಪನಿ ಸರಕಾರದ ಅಪ್ಪಣೆಯಂತೆ ಮಂಗಳೂರಿನಿಂದ ಹೊರಟು ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳ ದಾರಿಯಾಗಿ ನಡೆದುಹೋದನು. ಅವನ ಪ್ರವಾಸದ ಪುಸ್ತಕ ೧೮೦೭ರಲ್ಲಿ ಅಚ್ಚಾಯಿತು. ನಮ್ಮ ಮುರಕಲ್ಲಿಗೆ ಲೋಕವೆಲ್ಲ ಇಂದು ಬಳಸುವ ‘ಲ್ಯಾಟರೈಟ್’ ಎಂಬ ಹೆಸರನ್ನು ಕೊಟ್ಟವನು ಇವನೇ. ಮಲಬಾರಿನ ಅಂಗಡಿಪುರದಲ್ಲಿ ಅದನ್ನು ಕಂಡು, ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂಬರ್ಥದ ಶಬ್ದದಿಂದ ಆ ಹೆಸರನ್ನು ಕಟ್ಟಿದ. ನೆಲದಲ್ಲಿರುವಾಗ ಕತ್ತಿಗೆ ಸಿಕ್ಕುವಷ್ಟು ಮೆದು, ಗಾಳಿಗೆ ಇಟ್ಟರೆ ಗಟ್ಟಿ, ಮೈತುಂಬ ತೂತು. ಈ ತೂತುಗಳ ಕಲ್ಲಿನಿಂದ ಮೊಳದುದ್ದದ ಗೋಡೆ ಎಬ್ಬಿಸಿ ಮೇಲೆ ಮುಳಿಹುಲ್ಲು ಹೊದಿಸಿದರೆ ಹೊರಗಿನ ಕಾವು ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಮುಳಿ ಮಾಡಿನ ಮನೆಯ ತಂಪನ್ನು ಹೊಗಳುವ ಹಿರಿಯರು ಒಂದು ಮಾತನ್ನು ಮಾತ್ರ ನುಂಗಿಕೊಳ್ಳುತ್ತಾರೆ: ಅದೇ ಬೇಸಗೆಯಲ್ಲಿ ಒಂದು ಕಿಡಿ ಹಾರಿದರೆ ಮನೆಯೇ ಇಲ್ಲ. ೧೮೬೫ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಜನ ಹಂಚನ್ನು ಅಪ್ಪಿಕೊಂಡದ್ದು ಚೆಂದಕ್ಕಿಂತ ಹೆಚ್ಚಾಗಿ ಬೆಂಕಿಯ ಭಯದಿಂದ. ಹಂಚಿಗೆ ಹಂಚು ಕೊಂಡಿ ಹಾಕಿಕೊಂಡರೂ ಸಂದಿಯಲ್ಲಿ ಬಿಸಿಗಾಳಿ ಮೇಲಕ್ಕೆ ನುಸುಳಿ ಹೋಗುತ್ತದೆ. ಕೆಳಗೆ ಮರದ ಮುಚ್ಚಿಗೆಯಿದ್ದರೆ ಅಟ್ಟವೇ ಕಾವನ್ನು ತಡೆಯುತ್ತದೆ. ಈಗಿನ ತಾರಸಿಗೆ ಆ ಸಂದಿಯಿಲ್ಲ. ಹಗಲೆಲ್ಲ ಕುಡಿದ ಕಾವನ್ನು ಅದು ಇರುಳಿಗೆಂದು ಕೂಡಿಡುತ್ತದೆ. ವೈದ್ಯರು ಇಂದು ಹಗಲಿನ ಉಷ್ಣತೆಯಷ್ಟೇ ಇರುಳಿನ ಉಷ್ಣತೆಗೂ ಹೆದರುತ್ತಾರೆ. ಮೈಗೆ ಚೇತರಿಸಿಕೊಳ್ಳಲು ಬಿಡುವು ಸಿಕ್ಕುವುದು ಇರುಳಿನಲ್ಲಿ.

ಮುಳಿಹುಲ್ಲಿನಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅದರ ತಂಪಲ್ಲ. ಅದನ್ನು ಹೊದಿಸುತ್ತಿದ್ದ ರೀತಿ. ಮಾಡು ಹೊದಿಸುವುದು ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಗುಡ್ಡದಿಂದ ಹುಲ್ಲು ತರುವವರು, ಸೂಡಿ ಕಟ್ಟುವವರು, ಕೆಳಗಿನಿಂದ ಎಸೆಯುವವರು, ಮೇಲೆ ಕುಳಿತು ಬಿಗಿಯುವವರು ಎಂದು ಹತ್ತು ಹದಿನೈದು ಜನ ಬೇಕು. ಇಂದು ನಮ್ಮ ಮನೆ, ನಾಡಿದ್ದು ನಿಮ್ಮ ಮನೆ. ಅಂಗಳದ ಚಪ್ಪರವೂ ಹೀಗೆಯೇ. ದೀಪಾವಳಿ ಕಳೆದು ಮಳೆ ಹಿಂದಾದೊಡನೆ ಅಂಗಳ ಕೆತ್ತಿ, ಬಡಿದು, ಸೆಗಣಿ ಸಾರಿಸಿ, ಅಡಕೆ ಮರದ ಕಂಬ ನೆಟ್ಟು, ತೆಂಗಿನ ಮಡಲು ಹೊದಿಸುತ್ತಿದ್ದೆವು. ಮುಂದಿನ ಆರು ತಿಂಗಳು ಮನೆಯ ಸಂಸಾರವೆಲ್ಲ ಆ ಚಪ್ಪರದ ಕೆಳಗೆ: ಭತ್ತ, ಮದುವೆ, ಹಪ್ಪಳ, ಪಂಚಾಯಿತಿಕೆ, ಮಕ್ಕಳ ಓದು, ಮುದುಕರ ನಿದ್ದೆ. ಗೋಡೆಯಿಲ್ಲದ ಆ ಕೋಣೆಯಲ್ಲಿ ಯಾರು ಮಲಗಿದ್ದಾರೆ, ಯಾರು ಏಳಲಿಲ್ಲ ಎಂಬುದು ದಾರಿಯಲ್ಲಿ ಹೋಗುವವನಿಗೂ ಕಾಣುತ್ತಿತ್ತು. ಈ ಮಾತನ್ನು ಕೇಳುಗರು ನೆನಪಿನಲ್ಲಿಡಬೇಕು. ಮುಂದೆ ಇದಕ್ಕೇ ಮರಳಬೇಕಾಗಿದೆ.

ಇನ್ನು ಕಟ್ಟದ ಮಾತು. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದಕ್ಕೆ ಅಪ್ಪಣೆಯಾಗಬೇಕು, ಏಕೆಂದರೆ ನನ್ನ ಬಾಲ್ಯದ ಬೇಸಗೆಗಳೆಲ್ಲ ಒಂದು ಕಟ್ಟದ ನೀರಿನಲ್ಲಿ ಕಳೆದವು. ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ ನೀರಿನ ಚಿಂತೆ ಏಕೆಂದು ಹೊರಗಿನವರು ಕೇಳುವುದುಂಟು. ಆ ಮಳೆ ಬಹುಪಾಲು ನಾಲ್ಕು ತಿಂಗಳಲ್ಲಿ ಬೀಳುತ್ತದೆ; ಬಿದ್ದದ್ದು ಇಳಿಜಾರಿನಲ್ಲಿ ಓಡಿ ಕಡಲು ಸೇರುತ್ತದೆ. ಆದುದರಿಂದ ಡಿಸೆಂಬರ್ ಜನವರಿಯಲ್ಲಿ ತೋಡಿನ ಹರಿವು ಇಳಿದಾಗ ಅದರ ಅಡ್ಡಕ್ಕೆ ಕಟ್ಟ ಹಾಕುತ್ತಿದ್ದರು. ಎರಡು ಸಾಲು ಅಡಕೆ ಮರದ ಗೂಟ, ನಡುವೆ ಕಲ್ಲು, ಸೊಪ್ಪು, ಜಿಗುಟು ಮಣ್ಣು. ಆ ಮಣ್ಣನ್ನು ಕಾಲಿನಿಂದ ತುಳಿದು ತುಳಿದು ಗಟ್ಟಿ ಮಾಡಬೇಕು. ತುಳಿಯುವುದು ಮಕ್ಕಳ ಪಾಲಿನ ಕೆಲಸ, ಅಂದರೆ ಆಟ. ಒಂದು ಕಟ್ಟಕ್ಕೆ ಅದರ ನೀರು ಮುಟ್ಟುವ ಎಲ್ಲ ಮನೆಗಳಿಂದಲೂ ಆಳು ಬರಬೇಕು. ಗದ್ದೆ ಎಷ್ಟಿದೆಯೋ ಅಷ್ಟು ಆಳು. ಒಂದು ತೋಡಿನಲ್ಲಿ ಒಂದರ ಕೆಳಗೊಂದು ಹೀಗೆ ಹಲವು ಕಟ್ಟಗಳು. ಏಣೆಲು, ಸುಗ್ಗಿ ಆದ ಮೇಲೆ ಮೂರನೆಯ ಬೆಳೆ ಕೊಳಕೆ ಆಗುತ್ತಿದ್ದದ್ದು ಈ ನೀರಿನಿಂದ. ಇಕ್ಕೆಲದ ಬಾವಿಗಳಲ್ಲಿ ನೀರು ಮೇಲೇರುತ್ತಿತ್ತು, ತೋಟದ ಒಳಗೆ ಗಾಳಿ ತಂಪಾಗುತ್ತಿತ್ತು. ಹೊತ್ತು ಇಳಿದ ಮೇಲೆ ದನಗಳು, ಕೋಣಗಳು, ಹುಡುಗರು, ಕೆಲಸ ಮುಗಿಸಿದ ಆಳುಗಳು ಎಲ್ಲರೂ ಅದೇ ನೀರಿನಲ್ಲಿ. ಮೊದಲ ಮಳೆಗೆ ಕಟ್ಟ ಕೊಚ್ಚಿಹೋಗುತ್ತಿತ್ತು. ಯಾರಿಗೂ ಅದಕ್ಕಾಗಿ ದುಃಖವಿರಲಿಲ್ಲ. ಬರುವ ವರ್ಷ ಮತ್ತೆ ಕಟ್ಟುವುದೇ ತಾನೆ. ಪ್ರತಿ ವರ್ಷವೂ ಹಾಳಾಗುವ ವಸ್ತುವೊಂದು ಪ್ರತಿ ವರ್ಷವೂ ಜನರನ್ನು ಒಂದೆಡೆ ಸೇರಿಸುತ್ತಿತ್ತು. ಶಾಶ್ವತವಾದ ಸಿಮೆಂಟಿನ ಅಣೆಕಟ್ಟಿಗೆ ಈ ಗುಣವಿಲ್ಲ. ಹಾಗೆಂದು ನಾನು ಸಿಮೆಂಟನ್ನು ಜರೆಯುತ್ತಿಲ್ಲ. ಬಂಟ್ವಾಳ ತಾಲೂಕಿನ ತುಂಬೆಯ ಅಣೆಕಟ್ಟು ಇಲ್ಲದಿದ್ದರೆ ಮಂಗಳೂರಿನ ಜನ ಬೇಸಗೆಯಲ್ಲಿ ಕುಡಿಯುವುದೇನನ್ನು?

ತೋಡಿಲ್ಲದ ಗುಡ್ಡದವರು ಇನ್ನೊಂದು ದಾರಿ ಹಿಡಿದರು. ಬಂಟ್ವಾಳ ತಾಲೂಕಿನ ದಕ್ಷಿಣದಲ್ಲಿ, ಮಾಣಿಲ, ಕೇಪು ಮೊದಲಾದ ಗ್ರಾಮಗಳಲ್ಲಿ ಮತ್ತು ಗಡಿಯಾಚೆಯ ಕಾಸರಗೋಡಿನಲ್ಲಿ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು ನೀರನ್ನು ಹೊರಕ್ಕೆ ಹರಿಸುವ ಪದ್ಧತಿ ಇದೆ. ಒಬ್ಬ ಮನುಷ್ಯ ನುಸುಳುವಷ್ಟೇ ಅಗಲ. ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಒಬ್ಬರೇ ಒಂದಾದ ಮೇಲೊಂದು ಸುರಂಗ ಕೊರೆದರು. ಐದರಲ್ಲಿ ನೀರು ಸಿಕ್ಕಲಿಲ್ಲ, ಆರನೆಯದರಲ್ಲಿ ಸಿಕ್ಕಿತು. ಅಡಕೆ, ತೆಂಗು, ಬಾಳೆ ಬೆಳೆದು ಆ ಗುಡ್ಡವೇ ನೆರಳಾಯಿತು. ೨೦೨೨ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಒಬ್ಬನ ಛಲವೂ ಒಂದು ತಾಣವನ್ನು ತಂಪು ಮಾಡಬಲ್ಲುದೆಂಬುದಕ್ಕೆ ಇದು ಸಾಕ್ಷಿಯೇ. ಆದರೆ ಅಂಥ ಛಲವನ್ನು ಎಲ್ಲರಿಂದಲೂ ನಿರೀಕ್ಷಿಸುವುದು ನ್ಯಾಯವಲ್ಲ.

ಹೊತ್ತನ್ನೂ ನಮ್ಮವರು ಸೆಕೆಗೆ ತಕ್ಕಂತೆ ಹೊಂದಿಸಿಕೊಂಡಿದ್ದರು. ದೈವಗಳ ನೇಮ ಇರುಳು. ಯಕ್ಷಗಾನ ಬಯಲಾಟ ಇರುಳು. ದೀಪಾವಳಿಯ ಹೊತ್ತಿಗೆ ತಿರುಗಾಟ ಹೊರಟ ಮೇಳಗಳು ಮೇ ತಿಂಗಳ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಬೇಸಗೆಯ ಇರುಳಿಡೀ ಜನ ಗದ್ದೆಯ ಬಯಲಿನಲ್ಲಿ ಚಾಪೆ ಹಾಸಿ ಕುಳಿತಿರುತ್ತಿದ್ದರು. ಕಲೆಗಾಗಿಯೇ ಬಂದವರು ಬಹುಮಂದಿ. ಮನೆಯೊಳಗೆ ನಿದ್ದೆ ಬಾರದೆ ಬಂದವರೂ ಇಲ್ಲದಿಲ್ಲ. ನನ್ನ ಸೋದರಮಾವ ಆ ಎರಡನೆಯ ವರ್ಗಕ್ಕೆ ಸೇರಿದವರು. ಭಾಗವತರು ಪದ ಎತ್ತುವುದಕ್ಕೆ ಮೊದಲೇ ಬಯಲ ಗಾಳಿಗೆ ಮಲಗಿ ಬೆಳಗಿನ ಮಂಗಳದ ಹೊತ್ತಿಗೆ ಸರಿಯಾಗಿ ಏಳುತ್ತಿದ್ದರು. ಈಚಿನ ವರ್ಷಗಳಲ್ಲಿ ಹಲವು ಮೇಳಗಳು ಕಾಲಮಿತಿಯ ಆಟಕ್ಕೆ ತಿರುಗಿವೆ. ಅದಕ್ಕೆ ಬೇರೆ ಕಾರಣಗಳಿವೆ. ಅವು ಸಕಾರಣವೇ ಇರಬಹುದು.

ಮೂಡುಬಿದಿರೆಯಲ್ಲಿ ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಎಂಬುದು ಊರ ಮಾತು. ನಾನು ಎಣಿಸಿ ನೋಡಿದವನಲ್ಲ. ಕೆರೆಗಳನ್ನು ಧರ್ಮದ ಲೆಕ್ಕಕ್ಕೆ ಸಮನಾಗಿ ಸೇರಿಸಿದ ಊರಿನ ಬುದ್ಧಿ ನನಗೆ ಮೆಚ್ಚು. ೧೪೩೦ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಗೆ ನಡುಹಗಲಿನಲ್ಲಿ ಹೋಗಿ ನೋಡಬೇಕು. ಹೊರಗೆ ಬರಿಗಾಲಿನಲ್ಲಿ ನಿಲ್ಲಲಾಗದು. ಒಳಗೆ ಕಂಬದಿಂದ ಕಂಬಕ್ಕೆ ನಡೆದಂತೆ ಬೆಳಕೂ ಕಾವೂ ಒಂದೊಂದೇ ಮೆಟ್ಟಲು ಇಳಿಯುತ್ತವೆ; ಮಳೆಗೆಂದು ಚಾಚಿದ ಮಾಡು ಬಿಸಿಲಿಗೂ ಕೊಡೆಯಾಗಿದೆ. ‘ಭರತೇಶ ವೈಭವ’ವನ್ನು ಬರೆದ ರತ್ನಾಕರವರ್ಣಿ ಈ ಊರಿನವನು. ಅಷ್ಟು ದೀರ್ಘವಾದ ಕಾವ್ಯವನ್ನು ಇಂಥ ಯಾವುದೋ ಜಗಲಿಯ ತಂಪಿನಲ್ಲಿ ಕುಳಿತೇ ಬರೆದಿರಬೇಕೆಂದು ಊಹಿಸುವ ಸ್ವಾತಂತ್ರ್ಯ ಓದುಗನಿಗಿದೆ.

ದಾರಿಹೋಕರ ಪಾಲಿಗೆ ಇದ್ದದ್ದು ಅಶ್ವತ್ಥದ ಕಟ್ಟೆ, ನಾಗಬನದ ಅಂಚು ಮತ್ತು ಅರವಟ್ಟಿಗೆ. ಹಳಗನ್ನಡ ಶಾಸನಗಳಲ್ಲಿ ‘ಅಱವಂಟಿಗೆ’ ಎಂದು ಬರುವ ಈ ಶಬ್ದ ದತ್ತಿ ಬಿಡುವವರ ಪುಣ್ಯಕಾರ್ಯಗಳ ಸಾಲಿನಲ್ಲಿ ಕೆರೆ, ಬಾವಿ, ಸತ್ರಗಳ ಜೊತೆಗೇ ನಿಲ್ಲುತ್ತದೆ. ನಮ್ಮ ಕಡೆ ಅದು ಚಿಕ್ಕದೊಂದು ಸೋಗೆಯ ಗುಡಿಸಲು. ಒಳಗೆ ಮಜ್ಜಿಗೆಯ ಹಂಡೆ, ಅದರಲ್ಲಿ ಉಪ್ಪು, ಶುಂಠಿ, ಲಿಂಬೆಯ ಎಲೆ. ಮನೆಗೆ ಬಂದವರಿಗೆ ಯಾವ ಮಾತಿಗೂ ಮೊದಲು ಬೆಲ್ಲ, ನೀರು. ಪುನರ್ಪುಳಿಯ ಪಾನಕ, ತಿಮರೆಯ ತಂಬುಳಿ, ಮಧ್ಯಾಹ್ನಕ್ಕೆ ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ಕುಡಿಯುವುದು. ಇವನ್ನೆಲ್ಲ ಅಜ್ಜಿಯರ ಪಾಕಶಾಸ್ತ್ರವೆಂದು ನಗುವವರಿಗೆ ಒಂದು ಮಾತು: ಅಕ್ಕಿಯಿಂದ ಮಾಡಿದ ಉಪ್ಪಿನ ದ್ರಾವಣವು ಬತ್ತಿದ ಮೈಗೆ ನೀರು ತುಂಬಬಲ್ಲುದೆಂದು ೧೯೮೦ರ ದಶಕದಲ್ಲಿ ಬಾಂಗ್ಲಾದೇಶದ ಕಾಲರಾ ಸಂಶೋಧಕರು ಪರೀಕ್ಷಿಸಿ ತೋರಿಸಿದ್ದಾರೆ.

ಇಷ್ಟು ಹೇಳಿ ನಿಲ್ಲಿಸಿದ್ದರೆ ಇದು ಸುಖವಾದ ಭಾಷಣವಾಗುತ್ತಿತ್ತು. ಆದರೆ ಆ ಮಜ್ಜಿಗೆಯ ಹಂಡೆಯ ಮುಂದೆ ಎರಡು ಸಾಲುಗಳಿದ್ದುವೆಂಬುದನ್ನು ನಾನು ನನ್ನ ಕಣ್ಣಿನಿಂದಲೇ ಕಂಡಿದ್ದೇನೆ. ಕೆಲವರಿಗೆ ಲೋಟ, ಕೆಲವರಿಗೆ ಬೊಗಸೆ, ಅದಕ್ಕೆ ಮೇಲಿನಿಂದ ಎರೆಯುವ ನೀರು. ಕಟ್ಟದ ಮಣ್ಣನ್ನು ಎಲ್ಲರಿಗಿಂತ ಹೆಚ್ಚು ಹೊತ್ತವರಿಗೆ ಅದೇ ನೀರಿನ ಬದಿಯ ಬಾವಿ ಮುಟ್ಟುವ ಹಕ್ಕಿರಲಿಲ್ಲ. ಚಪ್ಪರದ ಕಂಬ ನೆಟ್ಟವನು ಚಪ್ಪರದ ಕೆಳಗೆ ಕೂರಲಿಲ್ಲ. ಅಂಗಳದ ಅಂಚಿನ ಬಿಸಿಲಿನಲ್ಲಿ ಹಾಳೆಯಲ್ಲಿ ಗಂಜಿ ಉಂಡ. ಮಧ್ಯಾಹ್ನದ ವಿರಾಮ ಒಡೆಯನಿಗೆ ಋತುಚರ್ಯೆ, ಆಳಿಗೆ ಕರುಣೆ. ೧೯೨೭ರ ಮಾರ್ಚ್ ೨೦ರಂದು ಮಹಾಡಿನ ಚವದಾರ್ ಕೆರೆಯಲ್ಲಿ ಡಾ. ಅಂಬೇಡ್ಕರರು ಬೊಗಸೆ ನೀರೆತ್ತಿ ಕುಡಿದದ್ದು ಇಂಥದೇ ಬೇಸಗೆಯಲ್ಲಿ ಎಂಬುದನ್ನು ನಾವು ಮರೆಯುತ್ತೇವೆ. ಅದಕ್ಕೆ ಮೂವತ್ತು ವರ್ಷ ಮೊದಲೇ, ೧೮೯೭ರಲ್ಲಿ, ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತರ ಏಳಿಗೆಗೆಂದು ಸಂಸ್ಥೆ ಕಟ್ಟಿ ಸ್ವಂತ ಜಾತಿಯವರ ಬಹಿಷ್ಕಾರವನ್ನು ಉಂಡರು. ಹಳೆಯ ನೆರೆಹೊರೆಯನ್ನು ಹೊಗಳುವಾಗ ನನ್ನ ನಾಲಗೆ ಈ ಒಂದು ಕಡೆ ತಡೆಯುತ್ತದೆ. ತಡೆಯಬೇಕು. ಆ ತಂಪು ಹಂಚಿಕೊಂಡದ್ದು ನಿಜ. ಹಂಚಿದ ಕೈ ಅಳತೆ ನೋಡಿ ಹಂಚಿತು.

ಪಂಪು ಬಂತು, ಕೊಳವೆಬಾವಿ ಬಂತು, ಕೊಲ್ಲಿ ದೇಶದ ಹಣ ಬಂತು, ತಾರಸಿ ಬಂತು. ನೀರು ಅವರವರ ಬೇಲಿಯೊಳಗೇ ಸಿಕ್ಕುವಾಗ ತೋಡಿಗೆ ಯಾರು ಇಳಿಯುತ್ತಾರೆ? ಕಟ್ಟ ಹಾಕುವ ಕೂಟಗಳು ಒಂದೊಂದಾಗಿ ಚದರಿದುವು. ಅಲ್ಲಲ್ಲಿ ಈಚೆಗೆ ಮತ್ತೆ ಕೂಡಿವೆ ಎಂಬುದು ಸಮಾಧಾನ. ರಸ್ತೆ ಅಗಲವಾಗುವಾಗ ಸಾಲುಮರಗಳು ಹೋದುವು. ನಾಗಬನಗಳಲ್ಲಿ ಬನ ಹೋಗಿ ಕಾಂಕ್ರೀಟಿನ ಕಟ್ಟೆ ಉಳಿಯಿತು. ಕಾದ ಸಿಮೆಂಟಿನ ಮೇಲೆ ನಾಗನಿಗೂ ಸೆಕೆಯಾಗದೆ ಇರುತ್ತದೆಯೆ? ೨೦೧೯ರ ಮೇ ತಿಂಗಳಲ್ಲಿ ನೇತ್ರಾವತಿ ಬತ್ತಿ, ಯಾತ್ರೆಯನ್ನು ಕೆಲಕಾಲ ಮುಂದೂಡಬೇಕೆಂದು ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರೇ ಭಕ್ತರನ್ನು ವಿನಂತಿಸಬೇಕಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಅದೇ ಬೆಳ್ತಂಗಡಿ ತಾಲೂಕಿನಲ್ಲಿ ಚಾರ್ಮಾಡಿಯ ಸುತ್ತಿನ ಹೊಳೆಗಳು ಉಕ್ಕಿ ಮನೆ ತೋಟಗಳನ್ನು ಕೊಚ್ಚಿಕೊಂಡು ಹೋದುವು. ನಡುವೆ ಮೂರೇ ತಿಂಗಳು.

ಸೆಕೆ ಕೊಲ್ಲುವುದು ಯಾರನ್ನು ಎಂಬ ಪ್ರಶ್ನೆಗೆ ಹೊರಗಿನ ಲೋಕದಿಂದ ಬಂದ ಉತ್ತರವೊಂದನ್ನು ಇಲ್ಲಿ ಹೇಳಬೇಕು. ೧೯೯೫ರ ಜುಲೈಯಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಕೆಲವೇ ದಿನಗಳ ಬಿಸಿಗಾಳಿಗೆ ಏಳುನೂರಕ್ಕೂ ಹೆಚ್ಚು ಜನ ಸತ್ತರು. ಎರಿಕ್ ಕ್ಲೈನೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞ ಈ ಸಾವುಗಳನ್ನು ಕುರಿತು ೨೦೦೨ರಲ್ಲಿ ಒಂದು ಪುಸ್ತಕ ಬರೆದನು. ಅಕ್ಕಪಕ್ಕದ ಎರಡು ಬಡ ಬಡಾವಣೆಗಳಲ್ಲಿ ಒಂದರಲ್ಲಿ ಸಾವು ಬಹಳ, ಇನ್ನೊಂದರಲ್ಲಿ ಕಡಿಮೆ. ಸೂರ್ಯ ಒಬ್ಬನೇ, ಬಡತನವೂ ಹೆಚ್ಚುಕಡಿಮೆ ಒಂದೇ. ಸಾವು ಕಡಿಮೆಯಾದ ಬಡಾವಣೆಯಲ್ಲಿ ಬೀದಿಯಲ್ಲಿ ಅಂಗಡಿಗಳಿದ್ದುವು, ಜನರ ಓಡಾಟವಿತ್ತು, ಒಂಟಿ ಮುದುಕರೂ ಹೆದರದೆ ಹೊರಗೆ ಬರುತ್ತಿದ್ದರು. ಇನ್ನೊಂದರಲ್ಲಿ ಅವರು ಕಳ್ಳರ ಭಯದಿಂದ ಕಿಟಕಿಗೆ ಅಗಣಿ ಹಾಕಿ ಒಳಗೇ ಉಳಿದರು. ೨೦೦೩ರ ಆಗಸ್ಟಿನಲ್ಲಿ ಫ್ರಾನ್ಸಿನಲ್ಲಿ ಸುಮಾರು ೧೫,೦೦೦ ಜನ ಬಿಸಿಗೆ ಬಲಿಯಾದರು. ಬಹುಮಂದಿ ವೃದ್ಧರು, ಹಲವರು ಒಂಟಿ. ನಮ್ಮ ದೇಶದಲ್ಲಿ ಅಹಮದಾಬಾದು ೨೦೧೦ರ ಮೇ ತಿಂಗಳಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ಮೇಲೆ ೨೦೧೩ರಲ್ಲಿ ಬಿಸಿಗಾಳಿಯ ಮುನ್ನೆಚ್ಚರಿಕೆ ಯೋಜನೆ ಮಾಡಿಕೊಂಡಿತು.

ಶಿಕಾಗೋ ಎಲ್ಲಿ, ಬೆಳ್ತಂಗಡಿ ಎಲ್ಲಿ ಎನ್ನಬೇಡಿ. ನನ್ನ ಅತ್ತಿಗೆ ಬೆಳ್ತಂಗಡಿಯ ಕಡೆಯ ಒಂದು ಹಳ್ಳಿಯಲ್ಲಿ ತಾರಸಿ ಮನೆಯಲ್ಲಿ ಒಬ್ಬರೇ ಇದ್ದಾರೆ. ಅಣ್ಣ ತೀರಿಹೋದರು, ಮಗ ಮಸ್ಕತ್ತಿನಲ್ಲಿ, ಮಗಳು ಬೆಂಗಳೂರಿನಲ್ಲಿ. ೨೦೨೪ರ ಏಪ್ರಿಲ್‌ನ ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಮಂಗಗಳ ಕಾಟಕ್ಕೆ, ಕಳ್ಳರ ಭಯಕ್ಕೆ ಕಿಟಕಿಗಳೆಲ್ಲ ಭದ್ರ. ರಕ್ತದೊತ್ತಡಕ್ಕೆ ನುಂಗುವ ಮಾತ್ರೆ ಕೆಲವರ ಮೈಯ ನೀರನ್ನು ಹೊರಕ್ಕೆ ಹಾಕುತ್ತದೆ. ಮುಪ್ಪಿನಲ್ಲಿ ಬಾಯಾರಿಕೆಯೂ ಸರಿಯಾಗಿ ತಿಳಿಯುವುದಿಲ್ಲ. ಪಕ್ಕದ ಮನೆಯ ಬೀಡಿ ಕಟ್ಟುವ ಹೆಂಗಸು ಬೀಡಿಯ ಬ್ರಾಂಚಿನಿಂದ ಮರಳುವಾಗ, ಬೆಳಗ್ಗೆ ಒಣಹಾಕಿದ್ದ ಹಪ್ಪಳ ಗಾಳಿಗೆ ಹಾರುತ್ತಿದ್ದರೂ ಅಮ್ಮ ತೆಗೆಯಲಿಲ್ಲವಲ್ಲ ಎಂದು ಬಾಗಿಲು ತಟ್ಟಿದಳು. “ಅಮ್ಮಾ, ಹಪ್ಪ ತೆಗೆಯುವುದಿಲ್ಲವಾ?” ಎಂದದ್ದಕ್ಕೆ ಒಳಗಿನಿಂದ ಬಂದ ಉತ್ತರಕ್ಕೆ ತಲೆಬುಡವಿರಲಿಲ್ಲ. ಅವಳಿಗೆ ಅಷ್ಟು ಸಾಕಾಯಿತು. ಹಿಂಬಾಗಿಲಿನಿಂದ ಒಳಹೊಕ್ಕು, ಎತ್ತಿ ಜಗಲಿಗೆ ತಂದು, ಸೀರೆಯ ಮೇಲೆಯೇ ಕೊಡದ ನೀರು ಹೊಯ್ದು, ಹಾಳೆಯ ಬೀಸಣಿಗೆಯಿಂದ ಬೀಸುತ್ತ ರಿಕ್ಷಾಕ್ಕೆ ಹೇಳಿಕಳುಹಿಸಿದಳು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹೊಯ್ಯಬಾರದೆಂಬುದೂ ಅವಳಿಗೆ ಗೊತ್ತಿತ್ತು. ಅತ್ತಿಗೆ ಉಳಿದರು. ಆಸ್ಪತ್ರೆಯಲ್ಲಿ ವೈದ್ಯರು ನನಗೆ ಹೇಳಿದ್ದು ಇಷ್ಟೇ: ಮಾತು ತೊದಲುವುದು, ಗೊಂದಲವಾಗುವುದು ಬಿಸಿಲಿನ ಹೊಡೆತದ ಗುರುತು, ಆ ಮೇಲಿನ ಅರ್ಧ ಗಂಟೆ ಬಹಳ ದೊಡ್ಡದು.

ಆ ಹೆಂಗಸಿನ ಅಜ್ಜ ನಮ್ಮ ಅಂಗಳದ ಅಂಚಿನಲ್ಲಿ ಹಾಳೆಯಲ್ಲಿ ಗಂಜಿ ಉಂಡವನು. ಅವಳ ಸ್ವಂತ ಮನೆಯ ಮಾಡು ತಗಡಿನದು. ಅದರ ಕೆಳಗೆ ದಿನವಿಡೀ ಕುಳಿತು ಬೀಡಿ ಕಟ್ಟುತ್ತಾಳೆ. ಬೀಸಣಿಗೆ ಬೀಸಿದರೆ ಎಲೆ, ಹೊಗೆಸೊಪ್ಪು ಹಾರುತ್ತದೆಂದು ಫ್ಯಾನು ಹಾಕುವಂತಿಲ್ಲ. ಕಲಬುರಗಿ, ಬೆಳಗಾವಿ ವಿಭಾಗಗಳಲ್ಲಿ ಬೇಸಗೆಯಲ್ಲಿ ಸರಕಾರಿ ಕಚೇರಿಗಳು ಬೆಳಗ್ಗೆ ಎಂಟಕ್ಕೇ ತೆರೆದು ಮಧ್ಯಾಹ್ನಕ್ಕೆ ಮುಚ್ಚುವ ಏರ್ಪಾಡಿದೆ. ಬೀಡಿ ಕಟ್ಟುವವಳಿಗೆ, ಮುರಕಲ್ಲಿನ ಕೋರೆಯಲ್ಲಿ ಕಲ್ಲು ಹೊರುವವನಿಗೆ ಅಂಥ ಗಂಟೆಯನ್ನು ಬಾರಿಸುವವರು ಯಾರೂ ಇಲ್ಲ. ತಗಡಿನ ಮೇಲೆ ಮಡಲು ಹೊದಿಸಿದರೆ ಒಳಗಿನ ಕಾವು ತಗ್ಗುತ್ತದೆ. ಸುಣ್ಣ ಬಳಿದರೂ ತಗ್ಗುತ್ತದೆ. ಮಡಲು ನಮ್ಮ ತೋಟದಲ್ಲಿ ಬಿದ್ದು ಕೊಳೆಯುತ್ತಿತ್ತು. ಅದನ್ನು ಅವಳ ಮಾಡಿಗೆ ಹೊದಿಸಬಹುದೆಂಬ ಯೋಚನೆ ನಮಗೆ ಬಂದದ್ದು ಅತ್ತಿಗೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ. ಇದನ್ನು ನಾಚಿಕೆಯಿಂದಲೇ ಹೇಳುತ್ತಿದ್ದೇನೆ.

ಈಗ ಅತ್ತಿಗೆಯ ಮನೆಯ ಅಂಗಳದಲ್ಲಿ ಮತ್ತೆ ಚಪ್ಪರ ಎದ್ದಿದೆ. ಅಡಕೆಯ ಕಂಬದ್ದೇ, ನಾಲ್ಕು ಮನೆಯವರು ಸೇರಿ ಒಂದು ಭಾನುವಾರ ಹಾಕಿದೆವು. ಬೀಡಿ ಕಟ್ಟುವ ಐದಾರು ಹೆಂಗಸರು ಮಧ್ಯಾಹ್ನದ ಹೊತ್ತು ಸೂಪು ತೆಗೆದುಕೊಂಡು ಅಲ್ಲಿಗೇ ಬರುತ್ತಾರೆ. ಅತ್ತಿಗೆ ನಡುವೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಗೇಟಿನ ಬಳಿ ದಾರಿಹೋಕರಿಗೆಂದು ಒಂದು ಮಣ್ಣಿನ ಕೊಡ, ಬಾಯಿಗೆ ಒದ್ದೆ ಬಟ್ಟೆ, ಮೇಲೊಂದು ಲೋಟ. ಎಲ್ಲರಿಗೂ ಅದೊಂದೇ ಲೋಟ. ಅದು ಎರಡು ಸಲ ಕಳವಾಯಿತು. ಮೂರನೆಯದಕ್ಕೆ ಅತ್ತಿಗೆ ತೂತು ಕೊರೆಸಿ, ಹುರಿ ಪೋಣಿಸಿ, ಗೇಟಿನ ಸರಳಿಗೆ ಕಟ್ಟಿಸಿದ್ದಾರೆ.